ಮೂರು ವಿಳಂಬ ಅಂದ್ರೇನು?

ಹೆರಿಗೆಲಿ ತಾಯಿ ತೀರಿಕೊಂಡ್ರೆ ಕೇಳಲೇಬೇಕಾದ ಪ್ರಶ್ನೆ, ಎಲ್ಲಿ ತಡ ಆಯ್ತು ಅನ್ನೋದು. 1994ರಲ್ಲಿ ಥಡ್ಡಿಯಸ್ ಮತ್ತೆ ಮೇನ್ ಅನ್ನೋ ಇಬ್ಬರು ಸಂಶೋಧಕರು ಈ ತಡನ ಮೂರಾಗಿ ವಿಂಗಡಿಸಿದ್ರು: ಆಸ್ಪತ್ರೆಗೆ ಹೋಗೋಣ ಅಂತ ಮನೇಲಿ ತೀರ್ಮಾನ ಆಗೋಕೆ ಹಿಡಿಯೋ ಹೊತ್ತು, ದಾರಿಲಿ ಕಳೆಯೋ ಹೊತ್ತು, ಆಸ್ಪತ್ರೆ ಒಳಗೆ ಹೋದ್ಮೇಲೂ ಚಿಕಿತ್ಸೆ ಶುರುವಾಗದೆ ಕಾಯೋ ಹೊತ್ತು.

ಮೊದಲನೇದು ನಮ್ಮನಮ್ಮ ಮನೇಲೇ ಆಗೋದು. "ಹೆರಿಗೆ ಅಂದ್ಮೇಲೆ ರಕ್ತ ಹೋಗದೆ ಇರುತ್ತಾ, ಸುಮ್ನಿರವ್ವ" ಅಂತ ಅಜ್ಜಿ ಅಂದ್ಬಿಟ್ರೆ ಮುಗೀತು, ಗಂಡ ಬೆಂಗಳೂರಲ್ಲಿ ಕೆಲಸದಲ್ಲಿರ್ತಾನೆ, ಅವನು ಫೋನ್ ಎತ್ತೋವರೆಗೂ ಯಾರೂ ಏಳಲ್ಲ. ಆದ್ರೆ ಹೆರಿಗೆ ಆದ್ಮೇಲೆ ರಕ್ತಸ್ರಾವ ಜೋರಾಗಿ ಚಿಕಿತ್ಸೆ ಸಿಗದಿದ್ರೆ ಎರಡೇ ಗಂಟೆಲಿ ಜೀವ ಹೋಗಬಹುದು. ಹಾಕಿದ ಬಟ್ಟೆ ಮೇಲಿಂದ ಮೇಲೆ ತೊಯ್ದು ಹೋಗ್ತಿದ್ರೆ, ಬಾಣಂತಿ ಬೆವೆತು ಕೈಕಾಲು ತಣ್ಣಗಾಗ್ತಿದ್ರೆ ಯಾರನ್ನೂ ಕೇಳ್ಬೇಡಿ, 108ಕ್ಕೆ ಫೋನ್ ಮಾಡಿ. ದುಡ್ಡಿಗೂ ಕಾಯಬೇಡಿ, ಸರ್ಕಾರಿ ಆಸ್ಪತ್ರೆಲಿ ಹೆರಿಗೆ, ಸಿಸೇರಿಯನ್, ರಕ್ತ ಎಲ್ಲಾ 2011ರಿಂದ ಜನನಿ ಶಿಶು ಸುರಕ್ಷಾ ಯೋಜನೆಲಿ ಉಚಿತ.

ಎರಡನೇದು ದಾರಿ. ನಮ್ಮ ತುಮಕೂರು ಜಿಲ್ಲೆಲಿ ಇದನ್ನ ಪಾವಗಡದವರಿಗೆ ಬಿಡಿಸಿ ಹೇಳೋದೇ ಬೇಡ, ಸುತ್ತ ಆಂಧ್ರ, ಜಿಲ್ಲಾಸ್ಪತ್ರೆ ಸುಮಾರು 100 ಕಿಲೋಮೀಟರ್ ದೂರ.

ಮೂರನೇದರ ಬಗ್ಗೆ ಮಾತೇ ಕಮ್ಮಿ, ನನಗೆ ಜಾಸ್ತಿ ಸಂಕಟ ಆಗೋದೂ ಇದೇನೇ, ಯಾಕಂದ್ರೆ ಮನೆಯವರು ಸರಿಯಾದ ಟೈಮಿಗೆ ಕರ್ಕೊಂಡು ಬಂದಿರ್ತಾರೆ. ಎಮರ್ಜೆನ್ಸಿ ಸಿಸೇರಿಯನ್‌ಗೆ ಹೆರಿಗೆ ಡಾಕ್ಟರು ಒಬ್ಬರಿದ್ರೆ ಸಾಲಲ್ಲ, ಅರಿವಳಿಕೆ ಡಾಕ್ಟರು ಬೇಕು, ಫ್ರಿಜ್‌ನಲ್ಲಿ ರಕ್ತ ಇರಬೇಕು, ಆ ರಕ್ತ ತಾಯಿಗೆ ಹೊಂದುತ್ತಾ ಅಂತ ಪರೀಕ್ಷೆ (ಕ್ರಾಸ್ ಮ್ಯಾಚ್) ಮಾಡೋ ಲ್ಯಾಬಿನವರು ರಾತ್ರಿನೂ ಇರಬೇಕು. ಇದೆಲ್ಲ 24 ಗಂಟೆ ಇರಬೇಕಾದ ಆಸ್ಪತ್ರೆಗೇ ಎಫ್‌ಆರ್‌ಯು, ಅಂದ್ರೆ ಫಸ್ಟ್ ರೆಫರಲ್ ಯೂನಿಟ್ ಅನ್ನೋದು. ಒಂದು ಇಲ್ಲ ಅಂದ್ರೂ "ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ" ಅಂತ ಚೀಟಿ ಬರೀತಾರೆ, ಅಲ್ಲಿಗೆ ದಾರಿ ತಡ ಮತ್ತೆ ಮೊದಲಿಂದ ಶುರು. ಕಳಿಸಲೇಬೇಕು ಅಂದ್ರೂ ಬರಿಗೈಲಿ ಕಳಿಸಬಾರದು, ರಕ್ತ ಹೋಗ್ತಿದ್ರೆ ಆಕ್ಸಿಟೋಸಿನ್, ಬಿಪಿ ಏರಿ ಫಿಟ್ಸ್ ಬಂದಿದ್ರೆ ಮೆಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಟ್ಟು, ಆ ಆಸ್ಪತ್ರೆಗೆ ಫೋನ್ ಮಾಡಿ ರೆಡಿ ಇರಿ ಅಂತ ಹೇಳಿಯೇ ಕಳಿಸಬೇಕು.

ಮೊದಲ ಹೆರಿಗೆಗೆ ತವರಿಗೆ ಬರೋರಿಗೆ ಇನ್ನೊಂದು ತೊಂದರೆ, ಚೆಕಪ್ ಎಲ್ಲಾ ಬೇರೆ ಊರಲ್ಲಿ ಆಗಿರುತ್ತೆ, ಇಲ್ಲಿಯವರಿಗೆ ಏನೂ ಗೊತ್ತಿರಲ್ಲ. ತಾಯಿ ಕಾರ್ಡು, ಬ್ಲಡ್ ಗ್ರೂಪ್ ರಿಪೋರ್ಟು ತಪ್ಪದೆ ತನ್ನಿ, ಬಂದ ವಾರದಲ್ಲೇ ಆಶಾ ಅಕ್ಕನ ಹತ್ರ ಹೆಸರು ಬರೆಸಿ, ರಾತ್ರಿ ಹೊತ್ತೂ ಆಪರೇಷನ್ ಮಾಡೋ, ರಕ್ತ ಇಟ್ಟಿರೋ ಆಸ್ಪತ್ರೆ ಹತ್ರದಲ್ಲಿ ಯಾವುದು ಅಂತ ಆಗಲೇ ಕೇಳಿಟ್ಕೊಳ್ಳಿ.