ಒಂದೇ ಕಾಡು, ಎರಡು ಲೆಕ್ಕ

ಒಂದೇ ವರ್ಷ, ಒಂದೇ ಅಮೆಜಾನ್. ಆದರೆ ಹೋದ ಕಾಡಿನ ಲೆಕ್ಕ ಎರಡು. ಒಂದು ಬ್ರೆಜಿಲ್ ಸರ್ಕಾರದ್ದು, ಇನ್ನೊಂದು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ್ದು. ಎರಡಕ್ಕೂ ಮುಖ್ಯ ಆಧಾರ ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಉಪಗ್ರಹಗಳ ಚಿತ್ರಗಳೇ. ಯಾರೋ ಸುಳ್ಳು ಹೇಳುತ್ತಿದ್ದಾರೆ ಅನಿಸುತ್ತದೆ, ಅಲ್ವಾ? ಹಾಗೇನಿಲ್ಲ.

ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದು 1972ರಲ್ಲಿ. ಅದರ ಚಿತ್ರದ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 80 ಮೀಟರ್. ಹತ್ತು ವರ್ಷದಲ್ಲಿ ಅದು 30 ಮೀಟರಿಗೆ ಇಳಿಯಿತು. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಜೋರಾಗಿ ವಾಪಸ್ ಎಸೆಯುತ್ತದೆ. ಮರ ಬಿದ್ದರೆ ಆ ಹೊಳಪು ಕುಗ್ಗುತ್ತದೆ. ಇದನ್ನು ನಂಬಿಯೇ ಬ್ರೆಜಿಲ್ 1988ರಿಂದ ವರ್ಷ ವರ್ಷ ಅಮೆಜಾನ್ ಅಳೆಯುತ್ತಿದೆ. ಆ ಯೋಜನೆಯ ಹೆಸರು ಪ್ರೊಡೆಸ್.

ಉಳಿದವರಿಗೆ ಚಿತ್ರ ಸಿಗುವುದೇ ಕಷ್ಟವಾಗಿತ್ತು. 1980ರ ದಶಕದಲ್ಲಿ ಮಾರಾಟ ಖಾಸಗಿ ಕೈಗೆ ಹೋಯಿತು. ಒಂದು ಚಿತ್ರದ ಬೆಲೆ 4,000 ಡಾಲರ್ ದಾಟಿತು. ಆಮೇಲೆ 600ಕ್ಕೆ ಇಳಿದರೂ ಬಡ ಸಂಶೋಧಕರಿಗೆ ಅದೂ ಭಾರವೇ. ಹಾಗಾಗಿ ಹತ್ತು ವರ್ಷದ ಅಂತರದ ಎರಡು ಚಿತ್ರ ಕೊಂಡು, ಪಕ್ಕಪಕ್ಕ ಇಟ್ಟು ನೋಡುವುದೇ ರೂಢಿ. ಒಂದು ಮಳೆಗಾಲ ಮುಗಿದಾಗಿನದು, ಇನ್ನೊಂದು ಎಲೆ ಉದುರಿದ ಕಾಲದ್ದು ಆದರೆ ಮುಗೀತು. ಇದ್ದ ಕಾಡೇ ಮಾಯವಾದಂತೆ ಕಾಣುತ್ತಿತ್ತು. ಮೋಡ ಅಡ್ಡ ಬಂದರೆ ಆ ಚಿತ್ರಕ್ಕೆ ಕೊಟ್ಟ ದುಡ್ಡೂ ದಂಡ.

2008ರಲ್ಲಿ ಅಮೆರಿಕ ಇಡೀ ಸಂಗ್ರಹವನ್ನು ಪುಕ್ಕಟೆಯಾಗಿ ತೆರೆದಿಡಲು ಶುರುಮಾಡಿತು. ನನ್ನ ಪ್ರಕಾರ ಈ ಕಥೆಯಲ್ಲಿ ಯಾವ ರಾಕೆಟ್ಟಿಗಿಂತಲೂ ದೊಡ್ಡದು ಇದೇ. ಮೊದಲು ವರ್ಷಕ್ಕೆ ಹೆಚ್ಚೆಂದರೆ 25,000 ಚಿತ್ರ ಮಾರಾಟವಾಗುತ್ತಿದ್ದವು. ಬಾಗಿಲು ತೆರೆದ ಮೇಲೆ ಸುಮಾರು ಒಂದೇ ವರ್ಷದಲ್ಲಿ 10 ಲಕ್ಷಕ್ಕೂ ಜಾಸ್ತಿ ಹೊರಬಿದ್ದವು. ನೋಡುವ ರೀತಿಯೇ ಬದಲಾಯಿತು. ಮೋಡವಿಲ್ಲದ ಚಿತ್ರ ಹುಡುಕುವ ಕೆಲಸ ತಪ್ಪಿತು. ಮೋಡವಿಲ್ಲದ ಚುಕ್ಕೆಗಳನ್ನು ಹೆಕ್ಕಿಕೊಂಡರೆ ಸಾಕು. ಒಂದೊಂದು ಚುಕ್ಕೆಗೂ ಮೂವತ್ತು ವರ್ಷದ ದಿನಚರಿ ಸಿಕ್ಕಂತಾಯಿತು: ಪ್ರತಿ ಬೇಸಿಗೆಗೆ ಬಾಡಿ ಮತ್ತೆ ಚಿಗುರುವುದು, ಒಂದು ವರ್ಷ ಥಟ್ಟನೆ ಕುಸಿಯುವುದು, ಆಮೇಲೆ ಮೆಲ್ಲಗೆ ಏರುವುದು.

2013ರಲ್ಲಿ ಮೇರಿಲ್ಯಾಂಡ್ ತಂಡ 6.5 ಲಕ್ಷಕ್ಕೂ ಹೆಚ್ಚು ಚಿತ್ರ ಜರಡಿ ಹಿಡಿದು ಇಡೀ ಜಗತ್ತಿನ ನಕ್ಷೆ ಹೊರತಂದಿತು. 2000ದಿಂದ 2012ರೊಳಗೆ 23 ಲಕ್ಷ ಚದರ ಕಿಲೋಮೀಟರ್ ಮರದ ಹೊದಿಕೆ ಹೋಗಿತ್ತು, 8 ಲಕ್ಷ ಹೊಸದಾಗಿ ಬಂದಿತ್ತು.

‘ಮರದ ಹೊದಿಕೆ’ ಎಂಬ ಮಾತನ್ನು ಗಮನಿಸಿ. ಇಲ್ಲೇ ಗಂಟು ಬಿದ್ದಿರುವುದು. ಈ ನಕ್ಷೆಗೆ 5 ಮೀಟರಿಗಿಂತ ಎತ್ತರ ಬೆಳೆದದ್ದೆಲ್ಲ ಮರವೇ. ನೀಲಗಿರಿ ನೆಡುತೋಪು ಕಟಾವಾದರೂ ನಷ್ಟ, ಬೆಂಕಿಯಲ್ಲಿ ಬೆಂದರೂ ನಷ್ಟ. ಪ್ರೊಡೆಸ್ ನೋಡುವುದು ಮೂಲ ಕಾಡು ಪೂರ್ತಿ ಬೋಳಾದದ್ದನ್ನು ಮಾತ್ರ, ಅದೂ 6.25 ಹೆಕ್ಟೇರ್ ಮೀರಿದರೆ. ಒಮ್ಮೆ ಬೋಳಾಯಿತೆಂದು ಬರೆದ ಜಾಗದಲ್ಲಿ ಮತ್ತೆ ಕಾಡು ಬೆಳೆದು, ಅದನ್ನೂ ಕಡಿದರೆ ಲೆಕ್ಕಕ್ಕಿಲ್ಲ. ಬೆಂಕಿ ಜಾಸ್ತಿಯಾದ ವರ್ಷ ಎರಡು ಅಂಕಿಗಳೂ ದೂರ ದೂರ ಹೋಗುತ್ತವೆ. ತಮಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುವವರು ಎರಡೂ ಕಡೆ ಇದ್ದಾರೆ.

ಇನ್ನೊಂದು ಗಂಟೂ ಇದೆ. ಮೇರಿಲ್ಯಾಂಡ್ ನಕ್ಷೆಗೆ ಆಮೇಲಿನ ವರ್ಷಗಳ ಲೆಕ್ಕವೂ ಸೇರುತ್ತಾ ಬಂದಿದೆ. 2013ರಲ್ಲಿ ಲ್ಯಾಂಡ್‌ಸ್ಯಾಟ್ 8 ಬಂತು, ಲೆಕ್ಕದ ವಿಧಾನವೂ ಸುಧಾರಿಸಿತು. ಮೊದಲು ಕಣ್ತಪ್ಪುತ್ತಿದ್ದ ಸಣ್ಣಪುಟ್ಟ ಕಡಿತಗಳೂ ಈಗ ಸಿಕ್ಕಿಬೀಳುತ್ತವೆ. ಹಾಗಾಗಿ ಆಮೇಲಿನ ಏರಿಕೆಯಲ್ಲಿ ಕೊಡಲಿಯ ಪಾಲೆಷ್ಟು, ಕನ್ನಡಕದ ಪಾಲೆಷ್ಟು ಎಂದು ಬಿಡಿಸಬೇಕು. ಹಳೆಯ ವರ್ಷಗಳನ್ನು ಹೊಸದರ ಜೊತೆ ಹುಷಾರಾಗಿ ಹೋಲಿಸಿ ಎಂದು ಈ ನಕ್ಷೆಯ ಜೊತೆಗೇ ಬರೆದಿದೆ. ಆದರೂ 2001ರಿಂದ ಇಂದಿನವರೆಗೆ ಒಂದೇ ಗೆರೆ ಎಳೆದ ಗ್ರಾಫುಗಳು ಓಡಾಡುತ್ತಲೇ ಇವೆ.