‘ಪ್ಲೀಸ್’ ಬಂದ ದಾರಿ, ‘ದಯವಿಟ್ಟು’ ತಪ್ಪುವ ಜಾಗ

ಕನ್ನಡದಲ್ಲಿ ‘ಪ್ಲೀಸ್’ಗೆ ಪದವೇ ಇಲ್ಲ ಎಂದು ಒಬ್ಬರು, ‘ದಯವಿಟ್ಟು’ ಇದೆಯಲ್ಲ ಎಂದು ಇನ್ನೊಬ್ಬರು. ಈ ವಾದ ಮುಗಿಯುವುದೇ ಇಲ್ಲ. ಎರಡರಲ್ಲೂ ಅರ್ಧ ಸತ್ಯವಷ್ಟೇ ಇದೆ.

ಪ್ಲೀಸ್‌ನ ಬೇರು ಲ್ಯಾಟಿನ್‌ನ ‘ಪ್ಲಾಕೇರೆ’. ಹಿತವೆನಿಸು, ಮೆಚ್ಚಿಗೆಯಾಗು ಎಂದು ಅದರ ಅರ್ಥ. ಹಳೆಯ ಫ್ರೆಂಚ್ ಮೂಲಕ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಫ್ರೆಂಚರ ‘ಸಿಲ್ ವು ಪ್ಲೇ’ ಮಾದರಿಯಲ್ಲೇ ‘ಇಫ್ ಇಟ್ ಪ್ಲೀಸ್ ಯು’ ಎನ್ನುತ್ತಿದ್ದರು, ಅಂದರೆ ‘ನಿಮಗೆ ಮನಸ್ಸಿದ್ದರೆ’. ಶೇಕ್ಸ್‌ಪಿಯರ್ ಕಾಲದಲ್ಲಿ ಕೋರಿಕೆಗೆ ‘ಪ್ರೇ’ ಎಂಬ ಮಾತೇ ಹೆಚ್ಚು ಬಳಕೆಯಲ್ಲಿತ್ತು. ಆಮೇಲೆ ‘ಪ್ಲೀಸ್’ ಒಂದೇ ಉಳಿಯಿತು. ಒಲ್ಲೆ ಎನ್ನಲು ಇದ್ದ ಎಡೆ ಸವೆದುಹೋಯಿತು.

ಇಂಗ್ಲಿಷಿನ ಜೊತೆಗೇ ‘ಪ್ಲೀಸ್’ ನಮ್ಮಲ್ಲಿಗೂ ಬಂತು. 1840ರ ದಶಕದಲ್ಲಿ ಮಂಜರಾಬಾದ್ ಸೀಮೆಗೆ, ಅಂದರೆ ಇಂದಿನ ಸಕಲೇಶಪುರದ ಕಡೆಗೆ, ಇಂಗ್ಲಿಷ್ ಪ್ಲಾಂಟರ್‌ಗಳು ಕಾಫಿ ತೋಟ ಮಾಡಲು ಬಂದರು. 2007-08ರಿಂದ ಸರ್ಕಾರಿ ಶಾಲೆಯ 1ನೇ ತರಗತಿಗೂ ಇಂಗ್ಲಿಷ್ ಬಂತು. ಈಗ ಮಗುವಿನ ಬಾಯಲ್ಲಿ ‘ಪ್ಲೀಸ್’ ಸಲೀಸು.

ಕನ್ನಡದ ವಿನಯ ಇರುವುದು ಕ್ರಿಯಾಪದದ ಬಾಲದಲ್ಲಿ. ‘ಕೊಡು’ ಸಲಿಗೆ, ‘ಕೊಡಿ’ ಮರ್ಯಾದೆ, ‘ಕೊಡ್ತೀರಾ?’ ಕೋರಿಕೆ, ‘ಕೊಟ್ಟರೆ ಉಪಕಾರವಾಗುತ್ತೆ’ ಇನ್ನೂ ಮೆತ್ತಗೆ. ಬಾಲ ಏಕವಚನವಾದರೂ ಸಂಬಂಧದ ಮಾತು ಕೈಹಿಡಿಯುತ್ತದೆ: ಹಾಸನದ ಸೀಮೆಯ ಬಸ್ಸಿನಲ್ಲಿ ‘ವಸಿ (ಸ್ವಲ್ಪ) ಜರುಗಣ್ಣ’ ಎಂದರೆ ಯಾರೂ ಮುನಿಯುವುದಿಲ್ಲ. ‘ವಸಿ’ ಕೆಲಸವನ್ನು ಹಗುರ ಮಾಡಿತು, ‘ಅಣ್ಣ’ ಗೌರವ ಕೊಟ್ಟಿತು. ಆದರೆ ಶಾಲೆಯ ಆಯಾಗೆ ‘ಪ್ಲೀಸ್, ನೀರು ಕೊಡು’ ಎಂದರೆ ಕಿವಿಗೆ ಒರಟಾಗಿ ಕೇಳುತ್ತದೆ. ಮಕ್ಕಳಿಗೆ ಮೊದಲು ಕಲಿಸಬೇಕಾದ್ದು ‘ಕೊಡಿ’, ‘ಪ್ಲೀಸ್’ ಆಮೇಲೆ ಬರಲಿ.

‘ದಯವಿಟ್ಟು’ ಎಡವುವುದು ಹೆಚ್ಚಾಗಿ ಬೋರ್ಡುಗಳಲ್ಲಿ. ‘ದಯವಿಟ್ಟು ಇಲ್ಲಿ ವಾಹನ ನಿಲುಗಡೆ ನಿಷೇಧಿಸಲಾಗಿದೆ’ ಎಂಬ ಸಾಲನ್ನೇ ನೋಡಿ. ‘ದಯವಿಟ್ಟು’ ಅಂದರೆ ‘ದಯೆ ಇಟ್ಟು’. ಹಾಗಾಗಿ ದಯೆ ಇಡುವವರೂ ಮುಂದಿನ ಕೆಲಸ ಮಾಡುವವರೂ ಒಬ್ಬರೇ ಆಗಿರಬೇಕು. ಇಲ್ಲಿ ದಯೆ ಇಡಬೇಕಾದವರು ಗಾಡಿಯವರು, ನಿಷೇಧಿಸಿದ್ದು ಕಚೇರಿ. ಎರಡೂ ಕೂಡುವುದಿಲ್ಲ. ಕೋರಿಕೆಯಾದರೆ ‘ದಯವಿಟ್ಟು ಇಲ್ಲಿ ವಾಹನ ನಿಲ್ಲಿಸಬೇಡಿ’ ಎಂದಿರಲಿ. ನಿಯಮವೇ ಆದರೆ ‘ದಯವಿಟ್ಟು’ ತೆಗೆದು ‘ನಿಲುಗಡೆ ನಿಷೇಧಿಸಲಾಗಿದೆ’ ಎಂದಷ್ಟೇ ಸಾಕು.

ಇಂಗ್ಲಿಷ್ ಅರ್ಜಿಯಲ್ಲೂ ಹೀಗೇ ಹೆಚ್ಚುವರಿ ವಿನಯ ಸೇರಿಕೊಳ್ಳುತ್ತದೆ. ‘ಪ್ಲೀಸ್’ ಪಕ್ಕದಲ್ಲೇ ‘ಕೈಂಡ್ಲಿ’ ಬೇಡ. ಎರಡರ ಕೆಲಸವೂ ಒಂದೇ. ‘ಪ್ಲೀಸ್ ಸೆಂಡ್’ ಎಂದರೆ ಇನ್ನೂ ಆದೇಶವೇ. ನಿಜವಾಗಿ ಕೇಳಿಕೊಳ್ಳಬೇಕಿದ್ದರೆ ‘ಕುಡ್ ಯು ಪ್ಲೀಸ್ ಸೆಂಡ್’ ಎಂದು ಪ್ರಶ್ನೆಯಾಗಿಯೇ ಬರೆಯಬೇಕು.