ಟಿಕೆಟ್ ದುಡ್ಡು ಕೊಟ್ಟಾಗಿದೆ, ಸಿನಿಮಾ ಹಿಡಿಸುತ್ತಿಲ್ಲ: ಎದ್ದು ಬರಬಹುದೇ?

ಪ್ರಶ್ನೆ: ಮನೆಯವರೆಲ್ಲ ಸೇರಿ ಸಿನಿಮಾಕ್ಕೆ ಹೋದಾಗ ಕೆಲವೊಮ್ಮೆ ಮೊದಲ ಅರ್ಧ ಗಂಟೆಯಲ್ಲೇ ‘ಇದು ನಮಗಲ್ಲ’ ಎಂದು ಗೊತ್ತಾಗಿಬಿಡುತ್ತದೆ. ಆದರೂ ಅಷ್ಟು ದುಡ್ಡು ಸುರಿದಿದ್ದೇವಲ್ಲ ಎಂದು ಕೊನೆಯವರೆಗೂ ಕೂರುತ್ತೇವೆ. ಮಧ್ಯದಲ್ಲಿ ಎದ್ದು ಬಂದರೆ ದುಡ್ಡು ದಂಡವಲ್ಲವೇ? ಹಾಗೆ ಬರುವುದು ಸರಿಯೇ?

ಉತ್ತರ: ಧಾರಾಳವಾಗಿ ಎದ್ದು ಬರಬಹುದು. ಆದರೆ ನಿಮ್ಮ ಮಾತಿನೊಳಗೆ ದುಡ್ಡಿನ ಪ್ರಶ್ನೆಯೊಂದು, ಮರ್ಯಾದೆಯ ಪ್ರಶ್ನೆಯೊಂದು ಹೆಣೆದುಕೊಂಡಿವೆ. ದುಡ್ಡಿನದನ್ನು ಮೊದಲು ಬಿಡಿಸಿಕೊಳ್ಳೋಣ.

ನಾಲ್ವರ ಕುಟುಂಬವೊಂದು ತಲಾ 300 ರೂಪಾಯಿಯಂತೆ 1,200 ರೂಪಾಯಿ ತೆತ್ತು, 2 ಗಂಟೆ 40 ನಿಮಿಷದ ಸಿನಿಮಾಕ್ಕೆ ಕೂತಿದೆ ಎಂದುಕೊಳ್ಳಿ. ಅರ್ಧ ಗಂಟೆ ಕಳೆದಿದೆ, ಯಾರಿಗೂ ರುಚಿಸಿಲ್ಲ. ಈಗ ಎದ್ದರೆ 1,200 ರೂಪಾಯಿ ಹೋಯಿತು. ಕೊನೆಯವರೆಗೆ ಕೂತರೂ ಅದೇ 1,200 ರೂಪಾಯಿ ಹೋಯಿತು, ಅದರ ಬೆನ್ನಿಗೆ 2 ಗಂಟೆ 10 ನಿಮಿಷವೂ ಹೋಯಿತು. ಎರಡೂ ಬದಿಯಲ್ಲಿ ಒಂದೇ ಮೊತ್ತವಿದ್ದರೆ ಅದನ್ನು ಹೊಡೆದುಹಾಕಬೇಕೆಂದು ಶಾಲೆಯ ಲೆಕ್ಕದ ಮೇಷ್ಟ್ರು ಕಲಿಸಿದ್ದಾರೆ. ಹಾಗೆ ಹೊಡೆದುಹಾಕಿದ ಮೇಲೆ ಉಳಿಯುವುದು ಆ 2 ಗಂಟೆ 10 ನಿಮಿಷ ಮಾತ್ರ. ಅದನ್ನು ಈ ಕುರ್ಚಿಯಲ್ಲಿ ಕಳೆಯುವುದು ಸುಖವೋ, ಹೊರಗೆ ಕಳೆಯುವುದು ಸುಖವೋ ಎಂಬುದನ್ನಷ್ಟೇ ನೀವು ತೀರ್ಮಾನಿಸಬೇಕು.

ಏನು ಮಾಡಿದರೂ ಮರಳಿ ಬಾರದ ಇಂಥ ಖರ್ಚನ್ನು ಅರ್ಥಶಾಸ್ತ್ರದಲ್ಲಿ ‘ಸಂಕ್ ಕಾಸ್ಟ್’ ಎನ್ನುತ್ತಾರೆ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದೂ ಇದನ್ನೇ. ಆದರೆ ಅದೇ ಹಿರಿಯರು ಹೋಟೆಲಿನಲ್ಲಿ ಫುಲ್ ಮೀಲ್ಸ್ ತರಿಸಿದಾಗ, ಹೊಟ್ಟೆ ಬಿರಿಯುವಂತಾದ ಮೇಲೂ ‘ದುಡ್ಡು ಕೊಟ್ಟಿದ್ದೀವಿ, ಮೊಸರನ್ನ ಬಿಡಬೇಡ’ ಎನ್ನುತ್ತಾರೆ. ತಿಳಿವಳಿಕೆ ಇರುವುದೇ ಬೇರೆ, ಅದರಂತೆ ನಡೆಯುವುದೇ ಬೇರೆ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ 1980ರ ತಮ್ಮ ಲೇಖನವೊಂದರಲ್ಲಿ ಹೀಗೊಂದು ಉದಾಹರಣೆ ಕೊಡುತ್ತಾರೆ: 60 ಮೈಲಿ ದೂರದ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ 40 ಡಾಲರ್ ಕೊಟ್ಟು ಟಿಕೆಟ್ ಕೊಂಡ ಕುಟುಂಬವೊಂದು, ಆ ದಿನ ಹಿಮಗಾಳಿ ಬೀಸುತ್ತಿದ್ದರೂ ಹೊರಟೇಬಿಡುತ್ತದೆ, ಟಿಕೆಟ್ಟುಗಳು ಪುಕ್ಕಟೆ ಸಿಕ್ಕಿದ್ದರೆ ಮನೆಯಲ್ಲೇ ಇರುತ್ತಿದ್ದೆವು ಎಂದು ಅವರೇ ಒಪ್ಪಿಕೊಳ್ಳುತ್ತಾರೆ.

ಥೇಲರ್ ಹೇಳಿದ್ದು ಕಲ್ಪಿತ ಕತೆ. ಮನೋವಿಜ್ಞಾನಿಗಳಾದ ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ ನಿಜವಾದ ಟಿಕೆಟ್ ಕೌಂಟರಿನಲ್ಲೇ ಇದನ್ನು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಇಡೀ ವರ್ಷದ ನಾಟಕಗಳ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆಯಾದ 15 ಡಾಲರಿಗೂ, ಕೆಲವರಿಗೆ 2 ಡಾಲರ್ ಕಡಿಮೆಗೂ, ಇನ್ನು ಕೆಲವರಿಗೆ 7 ಡಾಲರ್ ಕಡಿಮೆಗೂ, ಯಾರಿಗೆ ಯಾವುದೆಂದು ಆರಿಸದೆ ಟಿಕೆಟ್ ಕೊಡಲಾಯಿತು. ನಾಟಕಗಳು ಎಲ್ಲರಿಗೂ ಅವೇ. ಆದರೂ ವರ್ಷದ ಮೊದಲ ಅರ್ಧದಲ್ಲಿ, ಪೂರ್ತಿ ಬೆಲೆ ತೆತ್ತವರು ರಿಯಾಯಿತಿ ಪಡೆದವರಿಗಿಂತ ಹೆಚ್ಚು ನಾಟಕಗಳಿಗೆ ಬಂದರು. ನನಗೆ ಇದಕ್ಕಿಂತ ಸ್ವಾರಸ್ಯವೆನಿಸುವುದು ಮುಂದಿನ ಸಂಗತಿ: ದ್ವಿತೀಯಾರ್ಧದಲ್ಲಿ ಈ ವ್ಯತ್ಯಾಸ ಅಳಿಸಿಹೋಯಿತು. ದುಡ್ಡು ಕೊಟ್ಟ ನೋವು ಹಸಿಯಾಗಿರುವವರೆಗೆ ಅದು ನಮ್ಮನ್ನು ಕುರ್ಚಿಗೆ ಕಟ್ಟಿಹಾಕುತ್ತದೆ, ಒಣಗಿದ ಮೇಲೆ ಬಿಟ್ಟುಬಿಡುತ್ತದೆ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ಮನೆಯಲ್ಲಿ ಓಟಿಟಿ ಹಚ್ಚಿಕೊಂಡು ಕೂತಾಗ ಹತ್ತು ನಿಮಿಷಕ್ಕೇ ಸಿನಿಮಾ ಬದಲಿಸುವ ನಾವು, ಚಿತ್ರಮಂದಿರದಲ್ಲಿ ಅಷ್ಟು ತಾಳ್ಮೆಯವರಾಗುವುದೂ ಇದೇ ಕಾರಣಕ್ಕೆ. ಓಟಿಟಿಗೂ ದುಡ್ಡು ಕೊಟ್ಟಿರುತ್ತೇವೆ, ಆದರೆ ಅದು ತಿಂಗಳ ಹಿಂದೆಯೋ ವರ್ಷದ ಹಿಂದೆಯೋ ಒಟ್ಟಾಗಿ ಹೋದ ದುಡ್ಡು. ಕಣ್ಣೆದುರಿನ ಈ ಒಂದು ಸಿನಿಮಾಕ್ಕೆ ಕೊಟ್ಟದ್ದೆಂದು ಅನ್ನಿಸುವುದೇ ಇಲ್ಲ.

ನೋಡದೆ ಬಿಟ್ಟ ಭಾಗದ ದುಡ್ಡನ್ನು ಚಿತ್ರಮಂದಿರ ವಾಪಸು ಕೊಡುವುದಾದರೆ ಮಾತ್ರ ಮೇಲಿನ ಲೆಕ್ಕ ಬದಲಾಗುತ್ತದೆ. ಅಂಥ ಪ್ರಯೋಗವೂ ನಡೆದಿದೆ. ಪಿವಿಆರ್ ಐನಾಕ್ಸ್ ಸಂಸ್ಥೆ 2024ರ ಡಿಸೆಂಬರಿನಲ್ಲಿ ದೆಹಲಿ ಮತ್ತು ಗುರುಗ್ರಾಮದ ಕೆಲವು ಪರದೆಗಳಲ್ಲಿ ‘ಫ್ಲೆಕ್ಸಿ ಶೋ’ ಎಂಬ ವ್ಯವಸ್ಥೆ ತಂದಿತು. ಟಿಕೆಟ್ಟಿಗೆ ಶೇ 10ರಷ್ಟು ಹೆಚ್ಚು ತೆತ್ತವರು ಮಧ್ಯದಲ್ಲಿ ಎದ್ದು ಹೋದರೆ, ಸಿನಿಮಾ ಮುಕ್ಕಾಲಿಗಿಂತ ಹೆಚ್ಚು ಬಾಕಿಯಿದ್ದಾಗ ಶೇ 60ರಷ್ಟು, ಅರ್ಧದಿಂದ ಮುಕ್ಕಾಲು ಬಾಕಿಯಿದ್ದಾಗ ಶೇ 50ರಷ್ಟು, ಕಾಲಿನಿಂದ ಅರ್ಧ ಬಾಕಿಯಿದ್ದಾಗ ಶೇ 30ರಷ್ಟು ಹಣ ಮರಳುತ್ತದೆ ಎಂಬುದು ಆಗ ಅದರ ನಿಯಮವಾಗಿತ್ತು. ಅಂಥ ಟಿಕೆಟ್ ಕೊಂಡಿದ್ದರೆ ಗಡಿಯಾರ ನೋಡುತ್ತ ಕೂರುವುದಕ್ಕೆ ಅರ್ಥವಿದೆ. ಸಾಮಾನ್ಯ ಟಿಕೆಟ್ಟಿಗೆ ಆ ಸೌಲಭ್ಯವಿಲ್ಲ. ಕತೆ ಹಿಡಿಸಲಿಲ್ಲವೆಂದು ದುಡ್ಡು ವಾಪಸು ಕೇಳಲಾಗದು. ಪರದೆ ಕೆಟ್ಟರೆ, ಧ್ವನಿ ಹೋದರೆ ಅದು ಸೇವೆಯ ಲೋಪ, ಆಗ ಕೇಳುವ ಹಕ್ಕು ನಿಮಗಿದೆ.

ಈಗ ಮರ್ಯಾದೆಯ ಪ್ರಶ್ನೆ. ಎದ್ದು ಹೋದರೆ ಸಿನಿಮಾ ಮಾಡಿದವರಿಗೆ ಅವಮಾನವೆಂದು ಕೆಲವರು ಭಾವಿಸುತ್ತಾರೆ. ಪ್ರೀಮಿಯರ್ ಪ್ರದರ್ಶನದಲ್ಲಿ ನಿರ್ದೇಶಕರೇ ಹಿಂದಿನ ಸಾಲಿನಲ್ಲಿ ಕೂತಿದ್ದಾಗ ಈ ಮಾತಿಗೆ ಬೆಲೆಯಿದೆ, ಅಲ್ಲಿ ನಾನಾದರೂ ಕೂರುತ್ತೇನೆ. ಉಳಿದಂತೆ ಅವಮಾನವಾಗುವುದು ಎದ್ದು ಬಂದವರು ಆಮೇಲೆ ಆಡುವ ಮಾತಿನಿಂದ. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ 1980ರಲ್ಲಿ ‘ಕ್ಯಾಲಿಗ್ಯುಲ’ ಚಿತ್ರದಿಂದ ಎರಡು ಗಂಟೆಯ ನಂತರ ಹೊರನಡೆದರು. 170 ನಿಮಿಷದ ಚಿತ್ರವನ್ನು ತಾನು ಪೂರ್ತಿ ನೋಡಿಲ್ಲವೆಂದು ವಿಮರ್ಶೆಯಲ್ಲೇ ಬರೆದರು. ಅದೇ ಈಬರ್ಟ್ 2008ರಲ್ಲಿ ಇನ್ನೊಂದು ಚಿತ್ರವನ್ನು ಕೇವಲ 8 ನಿಮಿಷ ನೋಡಿ ವಿಮರ್ಶೆ ಬರೆದಾಗ ಓದುಗರು ಸುಮ್ಮನಿರಲಿಲ್ಲ. ಅವರು ಚಿತ್ರವನ್ನು ಪೂರ್ತಿ ನೋಡಿ ಮತ್ತೊಮ್ಮೆ ಬರೆಯಬೇಕಾಯಿತು. ನಮಗೂ ಆ ಮಟ್ಟಿನ ಪ್ರಾಮಾಣಿಕತೆ ಸಾಕು. ಇಂಟರ್‌ವಲ್ಲಿಗೆ ಎದ್ದು ಬಂದವರು ‘ನನಗೆ ಹಿಡಿಸಲಿಲ್ಲ, ಅರ್ಧಕ್ಕೇ ಬಂದೆ’ ಎನ್ನಬಹುದು, ‘ಕ್ಲೈಮ್ಯಾಕ್ಸ್ ಕೆಟ್ಟದಾಗಿದೆ’ ಎನ್ನುವಂತಿಲ್ಲ.

ಬೇಸರ ಯಾವಾಗಲೂ ಸಿನಿಮಾದ ತಪ್ಪೇ ಆಗಿರಬೇಕೆಂದೂ ಇಲ್ಲ. 1960ರ ಕಾನ್ ಚಿತ್ರೋತ್ಸವದಲ್ಲಿ ಇಟಲಿಯ ನಿರ್ದೇಶಕ ಆಂಟೋನಿಯೋನಿಯವರ ‘ಲಾವೆಂತೂರಾ’ ಪ್ರದರ್ಶನವಾದಾಗ ಸಭಿಕರು ಎಷ್ಟು ಗೇಲಿ ಮಾಡಿದರೆಂದರೆ ನಿರ್ದೇಶಕರೂ ನಾಯಕಿ ಮೋನಿಕಾ ವಿಟ್ಟಿಯೂ ಸಭಾಂಗಣದಿಂದ ಹೊರಟುಹೋದರು. ಅದೇ ಉತ್ಸವದ ತೀರ್ಪುಗಾರರು ಆ ಚಿತ್ರಕ್ಕೆ ಪ್ರಶಸ್ತಿ ಕೊಟ್ಟರು. 1962ರಲ್ಲಿ ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆ ವಿಮರ್ಶಕರಿಂದ ಆರಿಸಿದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಅದು ಎರಡನೆಯದಾಗಿತ್ತು. ಹಾಗೆಂದು ಪ್ರತಿ ನಿಧಾನಗತಿಯ ಚಿತ್ರವೂ ‘ಲಾವೆಂತೂರಾ’ ಅಲ್ಲ ಎಂಬುದನ್ನು ಚಿತ್ರೋತ್ಸವಗಳಿಗೆ ಹೋಗುವವರು ಬಲ್ಲರು. ಅಲ್ಲಿ ಎದ್ದು ಪಕ್ಕದ ಪರದೆಗೆ ಹೋಗುವುದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ.

ಎಷ್ಟು ಹೊತ್ತು ಕಾಯಬೇಕು? ನಮ್ಮ ಸಿನಿಮಾಗಳ ಮಟ್ಟಿಗೆ ಇಂಟರ್‌ವಲ್‌ವರೆಗೆ ಎಂಬುದು ನನ್ನ ಅಳತೆ. ಚಿತ್ರಕತೆ ಬರೆಯುವವರು ತಮ್ಮ ಬಲವಾದ ಪಟ್ಟನ್ನು ಇಂಟರ್‌ವಲ್ ಬ್ಲಾಕಿಗೆಂದೇ ಕಾದಿರಿಸಿರುತ್ತಾರೆ. ಅಲ್ಲಿಯೂ ಮುಂದೇನೆಂಬ ಕುತೂಹಲ ಹುಟ್ಟದಿದ್ದರೆ ಸೆಕೆಂಡ್ ಹಾಫ್ ನಿಮ್ಮನ್ನು ಎಬ್ಬಿಸಿ ಕೂರಿಸುವ ಸಂಭವ ಕಡಿಮೆ. ದೀಪ ಹತ್ತಿರುವುದರಿಂದ ಯಾರ ಕಾಲನ್ನೂ ತುಳಿಯದೆ ಹೊರಡಬಹುದೆಂಬ ಅನುಕೂಲವೂ ಇದೆ. ಮಧ್ಯದಲ್ಲೇ ಏಳುವುದಾದರೆ ಮೊಬೈಲ್ ಟಾರ್ಚನ್ನು ನೆಲಕ್ಕೆ ಹಿಡಿದು, ಬಗ್ಗಿ, ಮಾತಿಲ್ಲದೆ ನಡೆಯಿರಿ. ಮಂಡಿ ಮಡಚಿ ದಾರಿ ಬಿಡುತ್ತಿರುವ ಪಕ್ಕದವರಿಗೆ ಆ ಸಿನಿಮಾ ತುಂಬ ಹಿಡಿಸಿರಬಹುದು.

ಕುಟುಂಬದಲ್ಲಿ ನಿಜವಾದ ತೊಡಕು ದುಡ್ಡಿಗಿಂತ ಹೆಚ್ಚಾಗಿ, ಸಿನಿಮಾ ಆರಿಸಿದ್ದು ಯಾರು ಎಂಬುದರಲ್ಲಿರುತ್ತದೆ. ಟಿಕೆಟ್ ಬುಕ್ ಮಾಡಿದವರು ತಮ್ಮ ಆಯ್ಕೆ ತಪ್ಪಿತೆಂದು ಒಪ್ಪಿಕೊಳ್ಳಲಾರದೆ ಕೂತಿರುತ್ತಾರೆ, ಉಳಿದವರು ಅವರಿಗೆ ಬೇಸರವಾದೀತೆಂದು ಕೂತಿರುತ್ತಾರೆ. ಒಬ್ಬರು ಬಾಯಿಬಿಟ್ಟು ಕೇಳಿದರೆ ಬಗೆಹರಿಯುತ್ತದೆ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾನೇ ಆರಿಸಿದ ಚಿತ್ರವೊಂದರ ಇಂಟರ್‌ವಲ್ಲಿನಲ್ಲಿ ಅಮ್ಮನನ್ನು ‘ಹೋಗೋಣವಾ?’ ಎಂದು ಕೇಳಿದೆ. ಮೇಲಿನ ಲೆಕ್ಕವನ್ನೆಲ್ಲ ವಿವರಿಸಲು ನಾನು ಸಿದ್ಧನಾಗಿದ್ದೆ. ಅವರು ಸೆರಗನ್ನು ಭುಜದ ಸುತ್ತ ಹೊದ್ದುಕೊಂಡು ಕಣ್ಣು ಮುಚ್ಚಿಯೇ ಹೇಳಿದರು: ‘ಹೊರಗೆ ಬಿಸಿಲು ಕಣೋ. ಇಲ್ಲಿ ತಣ್ಣಗಿದೆ, ನಿದ್ದೆ ಚೆನ್ನಾಗಿ ಬರ್ತಿದೆ. ನೀನು ಬೇಕಾದ್ರೆ ಹೋಗಿ ಕಾಫಿ ಕುಡಿದು ಬಾ.’